ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಕೊಡುತ್ತೇನೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ (ಕೋಥ್ರೂಡ್, ಪುಣೆ)

ನಮಸ್ಕಾರ. ನಾವು ಧಾರವಾಡದವರು. ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಮನೆಯಲ್ಲಿ ನಾಲ್ಕು ಜನ, ದಿನಕ್ಕೆ ಅರ್ಧ ಲೀಟರಿನ ಮೂರು ಹಾಲಿನ ಪ್ಯಾಕೆಟ್. ಒಂದೊಂದನ್ನೂ ತೊಳೆದು, ಅಡುಗೆಮನೆ ಕಿಟಕಿಯ ಗ್ರಿಲ್‌ಗೆ ಕ್ಲಿಪ್ ಹಾಕಿ ಒಣಗಿಸುತ್ತೇನೆ. ಹಸಿ ಕಸಕ್ಕೆ ಒಂದು ಬಕೆಟ್, ಒಣ ಕಸಕ್ಕೆ ಒಂದು ಚೀಲ. ಐದು ವರ್ಷದಿಂದ ಇದೇ ರೂಢಿ. ಮಗಳಿಗೂ ಕಲಿಸಿದ್ದೇನೆ.

ಕಳೆದ ಮಂಗಳವಾರ ಆಫೀಸಿಗೆ ತಡವಾಗಿ ಹೊರಟೆ. ಗೇಟಿನ ಹತ್ತಿರ ಕಸದ ಗಾಡಿ ನಿಂತಿತ್ತು. ನಮ್ಮ ಬಿಲ್ಡಿಂಗಿನ ಹಸಿ ಕಸದ ಡ್ರಮ್ ಗಾಡಿಗೆ ಸುರಿದರು. ಅದರ ಮೇಲೆಯೇ ಒಣ ಕಸದ ಚೀಲಗಳನ್ನೂ ಎಸೆದರು. ನನ್ನ ಚೀಲ ನೀಲಿ ಬಣ್ಣದ್ದು, ಗುರುತು ಸಿಕ್ಕಿತು. ಅದರ ಮೇಲೆ ಯಾರ ಮನೆಯದೋ ಸಾರು ಹರಿಯುತ್ತಿತ್ತು. ಕೇಳಿದರೆ, "ಎಲ್ಲ ಒಂದೇ ಜಾಗಕ್ಕೆ ಹೋಗುತ್ತೆ ಅಕ್ಕ" ಅಂದರು.

ಆವತ್ತು ಇಡೀ ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ಅತ್ತೆಯಂತೂ "ನಾ ಮೊದಲೇ ಹೇಳಿದ್ದೆ, ನೀರು ದಂಡ" ಅಂದರು. ಬೇಸಿಗೆಯಲ್ಲಿ ನಮಗೆ ಟ್ಯಾಂಕರ್ ನೀರು. ಹಾಗಾಗಿ ಅವರ ಮಾತನ್ನು ಸುಮ್ನೆ ತಳ್ಳಿಹಾಕುವಂತೆಯೂ ಇಲ್ಲ. ನಿಜವಾಗಿ ಗೊತ್ತಿರುವವರು ಹೇಳಿ. ಮನೆಯಲ್ಲಿ ಬೇರ್ಪಡಿಸಿದ ಕಸದಲ್ಲಿ ಯಾವುದಾದರೂ ಮತ್ತೆ ಬಳಕೆಗೆ ಬರುತ್ತದೆಯೇ? ಮಗಳು ಕೇಳುತ್ತಿದ್ದಾಳೆ, ಅವಳಿಗೆ ಸುಳ್ಳು ಹೇಳಲಾರೆ.

ಉತ್ತರ 1 (ಹಡಪ್ಸರ್, ಪುಣೆ)

ನೀವು ಕಣ್ಣಾರೆ ನೋಡಿದ್ದನ್ನು ಇಲ್ಲ ಅನ್ನಲಾಗುವುದಿಲ್ಲ. ಸಾರು ಹರಿದ ಆ ಚೀಲ ಮತ್ತೆ ಬಳಕೆಗೆ ಬರುವುದು ಕಷ್ಟವೇ. ಆದರೆ ಊರಿನ ಎಲ್ಲ ಕಸವೂ ಹಾಗೇ ಹೋಗುವುದಿಲ್ಲ. ನಾನು ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಮ್ಮ ಬಿಲ್ಡಿಂಗಿಗೆ ಕಸ ಒಯ್ಯಲು ಬರುವ ಅಕ್ಕ ಅಫಜಲಪುರ ಕಡೆಯವರು. ಒಂದು ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, "ನೀವು ನಮ್ಮ ಕಡೆಯವರೇನ್ರೀ?" ಎಂದು ಕೇಳಿದರು. ಆವತ್ತಿನಿಂದ ಪರಿಚಯ. ಅವರು 'ಸ್ವಚ್ಛ' ಸಂಘದ ಸದಸ್ಯರು. ಇದು ಕಸ ಆಯುವವರೇ ಮಾಲೀಕರಾಗಿರುವ ಸಹಕಾರ ಸಂಘ. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಯೂನಿಯನ್ ಕಟ್ಟಿಕೊಂಡರು. ಕಾಗದ, ಗಾಜು, ತಗಡು ಆಯುವ ಶ್ರಮಜೀವಿಗಳ ಪಂಚಾಯಿತಿ ಅಂತ ಅರ್ಥ. ಅದರಿಂದಲೇ ಈ ಸಂಘ ಹುಟ್ಟಿತು. 2008ರಲ್ಲಿ ಮಹಾನಗರ ಪಾಲಿಕೆಯ ಜೊತೆ ಕರಾರಾಯಿತು. ಮನೆಮನೆಯಿಂದ ಕಸ ತೆಗೆದುಕೊಳ್ಳುವುದು, ಹಸಿ ಕಸವನ್ನು ಪಾಲಿಕೆಯ ಗಾಡಿಗೆ ಕೊಡುವುದು, ಒಣ ಕಸವನ್ನು ಬೇರೆ ಮಾಡಿ ಮಾರುವುದು ಅವರ ಕೆಲಸ. ನಾವು ತಿಂಗಳಿಗೆ ಕೊಡುವ ಶುಲ್ಕ ಮತ್ತು ಒಣ ಕಸ ಮಾರಿ ಬಂದ ದುಡ್ಡು, ಈ ಎರಡರ ಮೇಲೆ ಅವರ ಮನೆ ನಡೆಯುತ್ತದೆ.

ಇದು ಗೊತ್ತಾದ ಮೇಲೆ ನನಗೆ ಕಸದ ಲೆಕ್ಕವೇ ಬದಲಾಯಿತು. ಪ್ಲಾಸ್ಟಿಕ್ ಮೇಲೆ ತ್ರಿಕೋನದ ಗುರುತು ಇದೆ ಅಂದಮಾತ್ರಕ್ಕೆ ಅದು ಮರುಬಳಕೆ ಆಗುವುದಿಲ್ಲ. ಒಬ್ಬರು ಅದನ್ನು ಕೈಯಲ್ಲಿ ಎತ್ತಿ, ಇದನ್ನು ಮಾರಿದರೆ ನಾಲ್ಕು ಕಾಸು ಸಿಗುತ್ತದೆ ಎಂದು ಬದಿಗಿಟ್ಟರೆ ಮಾತ್ರ ಆಗುತ್ತದೆ.

ಒಂದು ಭಾನುವಾರ ಅವರು ಕಸ ವಿಂಗಡಿಸುವ ಶೆಡ್‌ಗೆ ಹೋಗಿದ್ದೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಚೀಲ ಸುರಿದುಕೊಂಡು ಕೂತಿದ್ದರು. ಕೈಗೆ ಸಿಕ್ಕ ಕವರನ್ನು ಒಮ್ಮೆ ಹಿಸುಕುತ್ತಾರೆ. ಚರಚರ ಸದ್ದು ಬಂದರೆ ಎಡಕ್ಕೆ, ಸದ್ದಿಲ್ಲದೆ ಮೆತ್ತಗೆ ಮುದುಡಿದರೆ ಬಲಕ್ಕೆ. ಹೊಸ ಬಟ್ಟೆ ಸುತ್ತಿ ಬರುವ ಕವರು, ಬಿಸ್ಕತ್ತಿನ ಕವರು, ಹಾಲಿನ ಕವರು, ಎಲ್ಲಕ್ಕೂ ಬೇರೆ ಬೇರೆ ರಾಶಿ. ಬಾಟಲಿಯ ಮುಚ್ಚಳ ಬೇರೆ, ಬಾಟಲಿ ಬೇರೆ. ಬಿಳಿ ಕಾಗದಕ್ಕೆ ಒಂದು ರೇಟು, ಪೇಪರ್ ರದ್ದಿಗೆ ಒಂದು, ರಟ್ಟಿಗೆ ಇನ್ನೊಂದು. ನೋಡನೋಡುತ್ತಾ ಅರ್ಧ ಗಂಟೆಯಲ್ಲಿ ಹದಿನಾಲ್ಕು ರಾಶಿ ಎಣಿಸಿದೆ.

ಅಷ್ಟರಲ್ಲಿ ನಮ್ಮ ಮನೆಯ ಚೀಲ ಬಂತು. ಔಷಧಿ ಅಂಗಡಿಯ ಚೀಟಿಯಿಂದ ನನಗೇ ಗೊತ್ತಾಯಿತು. ಒಳಗೆ ಉಪ್ಪಿನಕಾಯಿ ಬಾಟಲಿ. ಪೂರ್ತಿ ಖಾಲಿ ಮಾಡದೆ ಹಾಕಿದ್ದೆವು. ಎಣ್ಣೆ ಸೋರಿ ಹದಿನೈದು ದಿನದ ಪೇಪರ್ ಪೂರ್ತಿ ನೆನೆದಿತ್ತು. ಅಕ್ಕ ಏನೂ ಬಯ್ಯಲಿಲ್ಲ. ಒಂದೊಂದೇ ಹಾಳೆ ಎತ್ತಿ, ಮೂಸಿ ನೋಡಿ, ಬೇಡದ ರಾಶಿಗೆ ಇಟ್ಟರು. ಕೊನೆಗೆ ನಾಲ್ಕೋ ಐದೋ ಹಾಳೆ ಉಳಿಯಿತು. ಉಳಿದದ್ದೆಲ್ಲ ರದ್ದಿಯ ಲೆಕ್ಕದಿಂದ ಹೋಯಿತು. ಆ ಎಣ್ಣೆ ಕೈಯನ್ನು ಅವರು ಸೀರೆ ಸೆರಗಿಗೆ ಒರೆಸಿಕೊಂಡಿದ್ದು ಇವತ್ತಿಗೂ ಕಣ್ಣಮುಂದೆ ಇದೆ.

ಈಗ ನಿಮ್ಮ ಪ್ರಶ್ನೆ. ನಿಮ್ಮ ಹಾಲಿನ ಪ್ಯಾಕೆಟ್ ಒಳ್ಳೆಯ ಮಾಲು. ಮೆತ್ತನೆಯ ಪ್ಲಾಸ್ಟಿಕ್, ಕರಗಿಸಿ ಕಾಳು ಮಾಡುತ್ತಾರೆ. ಅದು ಮತ್ತೆ ಹಾಲಿನ ಪ್ಯಾಕೆಟ್ ಆಗಿ ಬರುವುದಿಲ್ಲ. ಪೈಪು, ಕಸದ ಚೀಲ, ಹೊದಿಕೆ ಹಾಳೆಯಂಥ ವಸ್ತು ಆಗುತ್ತದೆ. ನೀರಿನ ಬಾಟಲಿ ಚೂರಾಗಿ, ಆಮೇಲೆ ಪಾಲಿಯೆಸ್ಟರ್ ನೂಲಾಗುತ್ತದೆ. ಪೇಪರ್ ರಟ್ಟಿನ ಮಿಲ್ಲಿಗೆ ಹೋಗುತ್ತದೆ. ಪ್ರತಿ ಸಲವೂ ಅದರ ನಾರು ಗಿಡ್ಡ ಆಗುವುದರಿಂದ ಅದಕ್ಕೂ ಒಂದು ಮಿತಿ ಇದೆ. ಅಲ್ಯೂಮಿನಿಯಂ ಡಬ್ಬಿಯನ್ನಂತೂ ಎಂದೂ ಎಸೆಯಬೇಡಿ. ಅದಿರಿನಿಂದ ಹೊಸದಾಗಿ ಮಾಡುವುದಕ್ಕಿಂತ ಹಳೆಯದನ್ನು ಕರಗಿಸಿದರೆ ಸುಮಾರು 95% ಶಕ್ತಿ ಉಳಿಯುತ್ತದೆ.

ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಥರ್ಮಾಕೋಲ್ ಬೇರೆ ಕಥೆ. ಚಿಪ್ಸ್ ಪ್ಯಾಕೆಟ್‌ನಲ್ಲಿ ಪದರದ ಮೇಲೆ ಪದರ ಅಂಟಿಸಿರುತ್ತಾರೆ, ಬಿಡಿಸಲು ಆಗುವುದಿಲ್ಲ. ಗುಜರಿಯವರು ಮುಟ್ಟುವುದೂ ಇಲ್ಲ. ತೊಳೆದು ಕೊಟ್ಟರೂ ಅಷ್ಟೇ. ಅದಕ್ಕೆ ಉಪಾಯ ಅಂಗಡಿಯಲ್ಲೇ ಇದೆ, ತರುವುದನ್ನು ಕಡಿಮೆ ಮಾಡಬೇಕು.

ಇನ್ನೊಂದು ವಿಷಯ, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ಹೋದ ಏಪ್ರಿಲ್‌ನಲ್ಲಿ ಒಂದು ತಿಂಗಳು ನಮ್ಮ ಮನೆಯ ಕಸ ತೂಗಿದೆ. ಹಸಿ ಕಸ 21 ಕಿಲೋ, ಒಣ ಕಸ 5 ಕಿಲೋ. ನಾನು ತಲೆ ಕೆಡಿಸಿಕೊಳ್ಳುತ್ತಿದ್ದುದು ಬರೀ ಆ 5 ಕಿಲೋಗೆ! ಹಸಿ ಕಸ ಕಸದ ಗುಡ್ಡೆಯಡಿ ಗಾಳಿ ಇಲ್ಲದೆ ಕೊಳೆತರೆ ಮೀಥೇನ್ ಬರುತ್ತದೆ, ಬೆಂಕಿ ಹತ್ತುತ್ತದೆ, ಕಪ್ಪು ನೀರು ನೆಲಕ್ಕೆ ಇಳಿಯುತ್ತದೆ. ಪುಣೆಯ ಕಸ ವರ್ಷಗಟ್ಟಲೆ 'ಉರುಳಿ ದೇವಾಚಿ', 'ಫುರಸುಂಗಿ' ಎಂಬ ಹಳ್ಳಿಗಳಿಗೆ ಹೋಗಿ ಬಿದ್ದಿದೆ. ನನ್ನ ಮನೆಯಿಂದ ಅದು ದೂರವೇನಲ್ಲ. ಗಾಳಿ ಈ ಕಡೆ ಬೀಸಿದ ದಿನ ಗೊತ್ತಾಗುತ್ತದೆ. ಅಲ್ಲಿನ ಬಾವಿ ನೀರು ಕೆಟ್ಟು, ಊರವರು ರಸ್ತೆಗೆ ಬಂದು ಕಸದ ಲಾರಿ ತಡೆದದ್ದು ಒಂದೆರಡು ಸಲ ಅಲ್ಲ. ನಮ್ಮ ಬದನೆಕಾಯಿ ತೊಟ್ಟಿಗಾಗಿ ಅವರು ಬಾವಿ ಕಳೆದುಕೊಂಡರು. ಆಮೇಲೆ ನಾನು ಬಾಲ್ಕನಿಯಲ್ಲಿ ತೂತು ಕೊರೆದ ಎರಡು ಡ್ರಮ್ ಇಟ್ಟೆ. ಸಿಪ್ಪೆ ಹಾಕಿದಾಗೆಲ್ಲ ಮೇಲೆ ಒಂದು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಹಾಕುತ್ತೇನೆ. ಹುಳ ಬಂದರೆ ತೇವ ಜಾಸ್ತಿ ಆಗಿದೆ ಅಂತ ಅರ್ಥ, ಇನ್ನಷ್ಟು ಎಲೆ ಬೇಕು. ಮೂರು ತಿಂಗಳಿಗೆ ಗೊಬ್ಬರ ಆಯಿತು.

ನೀರಿನ ಬಗ್ಗೆ ಅತ್ತೆ ಹೇಳಿದ್ದು ಸರಿ. ಹೊಸ ನೀರು ಬೇಡ. ಪಾತ್ರೆ ತೊಳೆದ ಕೊನೆಯ ನೀರಲ್ಲಿ ಒಂದು ಸಲ ಅಲ್ಲಾಡಿಸಿದರೆ ಸಾಕು. ವಾಸನೆ ಬರಬಾರದು, ಒಣಗಿರಬೇಕು, ಅಷ್ಟೇ. ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರು ಪೂರ್ತಿ ಬೇರೆ ಮಾಡಬೇಡಿ, ಅಂಟಿಕೊಂಡೇ ಇರಲಿ. ಬಿದ್ದ ಚೂರನ್ನು ಯಾರೂ ಆಯಲಾರರು. ಆ ಗಾಡಿಯವರು ಬೆರೆಸುವುದು ನಿಲ್ಲುವವರೆಗೆ ಮಾರಲಾಗುವ ಒಣ ಕಸ ಗಾಡಿಗೆ ಕೊಡಲೇಬೇಡಿ. ಹದಿನೈದು ದಿನ ಕೂಡಿಟ್ಟು ನೇರವಾಗಿ ಭಂಗಾರ್ (ಗುಜರಿ) ಅಂಗಡಿಗೆ ಕೊಡಿ.

ಉತ್ತರ 2 (ವಾಸ್ಕೋ, ಗೋವಾ)

ಮೇಲಿನವರು ಹೇಳಿದ ಚಿಪ್ಸ್ ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳುತ್ತೇನೆ. ನಾನು ಗದಗಿನವನು, ಗೋವಾದಲ್ಲಿ ಲಾರಿ ಓಡಿಸುತ್ತೇನೆ. ಇಲ್ಲಿ ಯಾರಿಗೂ ಮಾರಲಾಗದ ಪ್ಲಾಸ್ಟಿಕ್ಕನ್ನು ಒತ್ತಿ, ತಂತಿ ಕಟ್ಟಿ, ದೊಡ್ಡ ಚೌಕ ಬೇಲ್ ಮಾಡುತ್ತಾರೆ. ಆ ಬೇಲ್‌ಗಳು ಹೋಗುವುದು ನಮ್ಮ ಕರ್ನಾಟಕದ ಸಿಮೆಂಟ್ ಕಾರ್ಖಾನೆಗಳಿಗೆ. ಅಲ್ಲಿ ಕಲ್ಲಿದ್ದಲಿನ ಜೊತೆ ಉರಿಸುತ್ತಾರೆ. ಸಿಮೆಂಟ್ ಗೂಡಿನಲ್ಲಿ ಸುಣ್ಣದಕಲ್ಲೇ ಸುಮಾರು 1,450 ಡಿಗ್ರಿವರೆಗೆ ಕಾಯುತ್ತದೆ. ಅದಕ್ಕೇ ಬಯಲಲ್ಲಿ ಸುಟ್ಟ ಹಾಗೆ ಅಲ್ಲ. ಬೂದಿಯೂ ಸಿಮೆಂಟಿನಲ್ಲೇ ಸೇರಿಹೋಗುತ್ತದೆ. ಆದರೆ ಇದನ್ನು ಮರುಬಳಕೆ ಅನ್ನಬೇಡಿ. ಸುಟ್ಟಿದ್ದು ಸುಟ್ಟಿದ್ದೇ.

ನಾನು ಎರಡು ವರ್ಷ ಆ ಬೇಲ್ ಹೊತ್ತು ಅನಮೋಡ್ ಘಾಟ್ ಹತ್ತಿದ್ದೇನೆ. ಒಣ ಮಾಲಿದ್ದರೆ ಏನೂ ತೊಂದರೆ ಇಲ್ಲ. ಮನೆಯವರು ಅನ್ನ ಸಾರು ಬೆರೆಸಿದ ಮಾಲಿದ್ದರೆ ಬೇಲ್‌ನಿಂದ ನೀರು ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ಊಟಕ್ಕೆ ಗಾಡಿ ನಿಲ್ಲಿಸಿದರೆ ಹೋಟೆಲಿನವರು ಮುಂದಕ್ಕೆ ಹೋಗಿ ಅಂದುಬಿಡುತ್ತಿದ್ದರು. ಒದ್ದೆ ಮಾಲು ಚೆನ್ನಾಗಿ ಉರಿಯುವುದೂ ಇಲ್ಲ, ನೀರಿನ ತೂಕಕ್ಕೆ ಡೀಸೆಲ್ ಸುಟ್ಟ ಹಾಗಾಗುತ್ತದೆ.

ಸಾಳಗಾಂವ್‌ನಲ್ಲಿ 2016ರಿಂದ ದೊಡ್ಡ ಪ್ಲಾಂಟ್ ಇದೆ. ಹಸಿ ಕಸದಿಂದ ಅನಿಲ ಮಾಡಿ ಕರೆಂಟು ತೆಗೆಯುತ್ತಾರೆ. ಮಡಗಾಂವ್ ಕಡೆ ಸೋನ್ಸೋಡೋದಲ್ಲಿ ಹಳೆಯ ಕಸದ ಗುಡ್ಡ. ಎರಡನ್ನೂ ನೋಡಿದವನು ನಾನು. ಎರಡಕ್ಕೂ ಹೋಗಿದ್ದು ಮನೆಗಳ ಕಸವೇ. ಇಲ್ಲಿ ಬೈನಾ, ಝುವಾರಿನಗರದಲ್ಲಿ ಕಸದ ಕೆಲಸ ಮಾಡುವವರಲ್ಲಿ ನಮ್ಮ ಉತ್ತರ ಕರ್ನಾಟಕದ ಜನ ತುಂಬ ಇದ್ದಾರೆ. ದಯವಿಟ್ಟು ಒಣ ಕಸ ಒಣಗಿಸಿಯೇ ಕೊಡಿ, ತಂಗಿ. ಬಿಡಬೇಡಿ.

ಉತ್ತರ 3 (ಮುಲುಂಡ್, ಮುಂಬಯಿ)

ಧಾರಾವಿಯ 13ನೇ ಕಂಪೌಂಡಿನಲ್ಲಿ ಪ್ಲಾಸ್ಟಿಕ್ ಕಾಳು ಮಾಡುವ ಒಂದು ಸಣ್ಣ ಘಟಕದ ಲೆಕ್ಕ ಬರೆಯುತ್ತಿದ್ದೆ. ನಿಮ್ಮ ಪ್ಯಾಕೆಟ್ ಕಾಳಾಗುವುದನ್ನು ನಾನು ದಿನಾ ನೋಡಿದ್ದೇನೆ, ಮಗಳಿಗೆ ಧೈರ್ಯವಾಗಿ ಹೇಳಿ. ಚೂರು ಮಾಡಿದ ಪ್ಲಾಸ್ಟಿಕ್ಕನ್ನು ನೀರಿನ ತೊಟ್ಟಿಗೆ ಹಾಕುತ್ತಾರೆ. ಹಾಲಿನ ಕವರು, ಬಾಟಲಿಯ ಮುಚ್ಚಳ ತೇಲುತ್ತವೆ. ನೀರಿನ ಬಾಟಲಿಯ ಚೂರು ಮುಳುಗುತ್ತದೆ. ತೇಲಿದ್ದನ್ನು ಜರಡಿಯಲ್ಲಿ ಎತ್ತಿ ತಾರಸಿಯ ಮೇಲೆ ಒಣಗಿಸುತ್ತಾರೆ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಆ ಕರಗಿಸುವ ಯಂತ್ರದ ಮುಂದೆ ನಿಂತ ಹುಡುಗರಿಗೆ ಮಾಸ್ಕ್ ಇರುತ್ತಿರಲಿಲ್ಲ. ಹೊಗೆ ನೇರ ಮುಖಕ್ಕೆ. ಗಲೀಜು ಜಾಸ್ತಿ ಇದ್ದಷ್ಟೂ ಹೊಗೆ ಜಾಸ್ತಿ. ನೀವು ತೊಳೆದದ್ದು ಅವರ ಎದೆಗೂ ಒಳ್ಳೆಯದು.

ಪ್ರಶ್ನೆ ಕೇಳಿದವರು (ಕೋಥ್ರೂಡ್)

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗದಗಿನ ಅಣ್ಣನ ಉತ್ತರವನ್ನು ಅತ್ತೆಗೆ ಓದಿ ಹೇಳಿದೆ. ಸುಮ್ಮನೆ ಕೇಳಿದರು. ಮರುದಿನ ಹಾಲಿನ ಪ್ಯಾಕೆಟನ್ನು ಅವರೇ ಪಾತ್ರೆ ತೊಳೆದ ನೀರಲ್ಲಿ ಅದ್ದಿ ಗ್ರಿಲ್‌ಗೆ ಹಾಕಿದ್ದರು.

ಹಿಂದಿನ ಓಣಿಯಲ್ಲೇ ಭಂಗಾರ್ ಅಂಗಡಿ ಇದೆ. ಇಷ್ಟು ವರ್ಷ ಅದರ ಮುಂದೆಯೇ ಓಡಾಡಿದ್ದೇನೆ. ಹಾಲಿನ ಪ್ಯಾಕೆಟ್, ಪೇಪರ್, ಬಾಟಲಿ ಎಲ್ಲ ತೆಗೆದುಕೊಂಡರು. ಜ್ಯೂಸಿನ ರಟ್ಟಿನ ಡಬ್ಬ ವಾಪಸು ಕೊಟ್ಟರು. ಮಾತ್ರೆಯ ಖಾಲಿ ಸ್ಟ್ರಿಪ್ ಕೂಡ ಬೇಡ ಅಂದರು. ಅತ್ತೆಗೆ ಸಕ್ಕರೆ, ಬಿಪಿ ಎರಡೂ ಇದೆ, ಮನೆ ತುಂಬ ಸ್ಟ್ರಿಪ್. ಏನು ಮಾಡಲಿ? ಒಡೆದ ಗಾಜು ಯಾರಿಗೆ ಕೊಡಲಿ? ನಿನ್ನೆ ಒಂದು ಲೋಟ ಒಡೆಯಿತು. ಪೇಪರಲ್ಲಿ ಸುತ್ತಿ, ಮೇಲೆ ಮರಾಠಿಯಲ್ಲಿ "ಕಾಚ್" ಎಂದು ಬರೆದಿಟ್ಟಿದ್ದೇನೆ.

ಉತ್ತರ 1ರವರು (ಹಡಪ್ಸರ್)

ಜ್ಯೂಸಿನ ಡಬ್ಬದಲ್ಲಿ ರಟ್ಟು, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಅಂಟಿರುತ್ತವೆ. ಬೇರ್ಪಡಿಸುವ ಮಿಲ್ಲುಗಳಿವೆ, ಆದರೆ ಸಣ್ಣ ಅಂಗಡಿಗೆ ಅದು ಗಿಟ್ಟುವುದಿಲ್ಲ. ಸ್ಟ್ರಿಪ್ ಕೂಡ ಅದೇ ಜಾತಿ. ಖಾಲಿ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ತುಂಬಿ, ಬಾಯಿ ಕಟ್ಟಿ ಒಣ ಕಸಕ್ಕೆ ಹಾಕಿ. ಅಂಚು ತುಂಬ ಚೂಪು, ಅಕ್ಕನ ಹೆಬ್ಬೆರಳಲ್ಲಿ ಅದರ ಗೀರು ನೋಡಿದ್ದೇನೆ. ಅವಧಿ ಮುಗಿದ ಮಾತ್ರೆ, ಇನ್ಸುಲಿನ್ ಸೂಜಿ, ಒಡೆದ ಥರ್ಮಾಮೀಟರ್ ಇದ್ದರೆ ಅವನ್ನು ಇದರ ಜೊತೆ ಸೇರಿಸಬೇಡಿ. ಅದು ಮನೆಯ ಅಪಾಯಕಾರಿ ಕಸ, ಅದಕ್ಕೆ ಬೇರೆ ಡಬ್ಬ. ಸೂಜಿಯನ್ನು ಗಟ್ಟಿ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಸ್ಯಾನಿಟರಿ ಪ್ಯಾಡ್ ಇದ್ದರೆ ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕಿ ಹಾಕಿ. ಪುಣೆಯಲ್ಲಿ ಕಸ ಆಯುವವರೇ ಕೇಳಿಕೊಂಡ ಗುರುತು ಅದು, ಬಿಚ್ಚಿ ನೋಡುವ ಕಷ್ಟ ತಪ್ಪುತ್ತದೆ.

ಗಾಜಿನ ಪೊಟ್ಟಣದ ಮೇಲೆ ಬರೆದರೆ ಸಾಲದು. ನಮ್ಮ ಅಕ್ಕನಿಗೆ ಓದಲು ಬರುವುದಿಲ್ಲ. ಬೆಳಿಗ್ಗೆ ಗಾಡಿ ಬಂದಾಗ ಕೆಳಗೆ ಇಳಿದು, ಕೈಯಲ್ಲೇ ಕೊಟ್ಟು, ಗಾಜಿದೆ ಅಂತ ಬಾಯಿಬಿಟ್ಟು ಹೇಳಿ.