ಸಹಾಯ ಬೇಕ್ರಿ: ಹಾಯಿದೋಣಿಗೆ ಕಲಾಯಿ ತಾಮ್ರದ ವೈರ್ ಎಲ್ಲಿ ಸಿಗತೈತಿ?

ನಮಸ್ಕಾರ್ರೀ. ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನಾಗ ಓಡೋ ಸಣ್ಣ ಹಾಯಿದೋಣಿಗೆ 12 ವೋಲ್ಟ್ ವೈರಿಂಗ್ ಹೊಸದಾಗಿ ಎಳೀಬೇಕಾಗೇತಿ. ಬ್ಯಾಟರಿಯಿಂದ ದೀಪದ ತನಕ 5 ಮೀಟರ್, ಹೋಗಿ ಬರೋದು ಸೇರಿ 10. 5 ಆಂಪಿಯರ್‌ಗೆ 2.5 ಚದರ ಮಿಲಿಮೀಟರ್ ವೈರಿನಾಗ ಸುಮಾರು 0.4 ವೋಲ್ಟ್ ಬೀಳತೈತಿ, ಅಡ್ಡಿಯಿಲ್ಲ.

ಕೆಡೋದು ಜಾಯಿಂಟಿನಾಗ. ಕಲಾಯಿ ಇಲ್ಲದ ಬರೀ ತಾಮ್ರದ ಎಳೆಗಳ ನಡುವ ತೇವ ಏರಿ ಒಳಗಿಂದೊಳಗ ಕಪ್ಪಾಗತೈತಿ. ಟೇಪ್ ಸುತ್ತಿದ್ರ ನೀರು ಅಲ್ಲೇ ನಿಲ್ಲತೈತಿ. ಬರೇ ಬೆಸುಗಿ ನಂಬಿದ್ರ, ಅದು ಮುಗಿಯೋ ಜಾಗದಾಗ ವೈರ್ ಬಿರುಸಾಗಿ ಅಲುಗಾಟಕ್ಕ ಮುರೀತೈತಿ. ಕ್ರಿಂಪ್ ಮಾಡಿ (ಲೋಹದ ತುದಿಯೊಳಗ ವೈರ್ ಇಟ್ಟು ಇಕ್ಕಳದಿಂದ ಒತ್ತಿ), ಒಳಗ ಅಂಟು ಇರೋ ಹೀಟ್ ಶ್ರಿಂಕ್ (ಕಾಸಿದ್ರ ಬಿಗಿಯಾಗೋ ಕೊಳವಿ) ಏರಿಸೋದೇ ಖಾತ್ರಿ ಕೆಲಸ.

ಬೇಕಾಗಿದ್ದು: ಕಲಾಯಿ ವೈರ್ 25 ಮೀಟರ್, ಕಲಾಯಿ ತಾಮ್ರದ ರಿಂಗ್ ಲಗ್ (ವೈರ್ ತುದಿಗೆ ಹಾಕೋ ಉಂಗುರದ ಕೊಂಡಿ) 30, ಎರಡು ದಿನದ ಮಟ್ಟಿಗೆ ರ‍್ಯಾಚೆಟ್ ಕ್ರಿಂಪಿಂಗ್ ಇಕ್ಕಳ. ಅಲ್ಯೂಮಿನಿಯಂ ಲಗ್ ಮಾತ್ರ ಬ್ಯಾಡ್ರಿ, ತಾಮ್ರಕ್ಕ ಕೂಡಿಸಿದ್ರ ತೇವಕ್ಕ ಲಗ್ಗೇ ತಿಂದು ಹೋಗತೈತಿ. ಬೆಳಗಾವಿ, ವಿಜಯಪುರದಾಗ ಅಂಗಡಿ ಗೊತ್ತಿದ್ರೂ ತಿಳಿಸ್ರಿ.