ಕೆಲಸ ಬಿಡದಿಯಲ್ಲಿ, ಜಪಾನಿನ ಕುಟುಂಬಕ್ಕೆ ಮನೆ ಎಲ್ಲಿ ನೋಡೋದು?

ಉಪನಗರ ಸವಿತಾ
ಬಿಡದಿ ಕೈಗಾರಿಕಾ ಪ್ರದೇಶದ ಕಂಪನಿಯೊಂದಕ್ಕೆ ಎರಡು ವರ್ಷದ ಉದ್ಯೋಗ ವೀಸಾದಲ್ಲಿ ಜಪಾನಿನ ಎಂಜಿನಿಯರ್ ಒಬ್ಬರು ಬರ್ತಿದ್ದಾರೆ. ಜೊತೆಗೆ ಹೆಂಡತಿ, ಆರು ವರ್ಷದ ಮಗು. ಬಾಡಿಗೆ 45 ಸಾವಿರದೊಳಗೆ. ಬಿಡದಿಯಲ್ಲೇ ಮನೆ ಮಾಡಿಕೊಡೋದಾ, ಕೆಂಗೇರಿ ಉಪನಗರವಾ, ಇಲ್ಲ ಬೆಂಗಳೂರು ಊರೊಳಗಾ? ಕೆಲಸ ಗೊತ್ತಿರೋರು ಹೇಳಿ.

ಮೈಸೂರು ರಸ್ತೆ ಮಂಜು
ಬಿಡದಿ. ಯೋಚನೆ ಮಾಡೋದೇ ಬೇಡ. ಟೊಯೋಟಾ 1999ರಿಂದ ಅಲ್ಲಿ ಕಾರು ತಯಾರಿಸ್ತಿದೆ, ಬಾಷ್ ಕಾರ್ಖಾನೆ ಆಡುಗೋಡಿಯಿಂದ ಅಲ್ಲಿಗೇ ಹೋಯ್ತು. ಜಪಾನಿನವರು ಆ ಊರಿಗೆ ಹೊಸಬರಲ್ಲ. ಊರೊಳಗೆ ಎರಡು ಬೆಡ್‌ರೂಮಿಗೆ ಕೊಡೋ ದುಡ್ಡಿಗೆ ಬಿಡದಿಯಲ್ಲಿ ಕಾರ್ ಪಾರ್ಕಿಂಗ್, ಕೈತೋಟ ಇರೋ ಮನೆ ಸಿಗುತ್ತೆ. ಬೆಳಗಿನ ಪಾಳಿಗೆ ಹೋಗೋ ಮನುಷ್ಯನಿಗೆ ಹತ್ತು ನಿಮಿಷದ ದಾರಿಗಿಂತ ಇನ್ನೇನು ಬೇಕು?

ಚಲ್ಲಘಟ್ಟ ಲೋಕಲ್
"ಹೊಸಬರಲ್ಲ" ಅಂದ್ರೆ ಕೆಲಸಕ್ಕೆ ಹೊಸಬರಲ್ಲ, ಸಂಸಾರಕ್ಕಲ್ಲ. ಕೆಲಸಕ್ಕೆ ಹೋಗೋನು ಒಬ್ಬ, ಮನೇಲಿ ಇರೋರು ಇಬ್ಬರು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಕೆಂಗೇರಿ ದಾಟಿ ಚಲ್ಲಘಟ್ಟಕ್ಕೆ ಬಂದು ನಿಂತಿದೆ, ಬಿಡದಿಗೆ ಮೆಟ್ರೋ ಇಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ ಬಿಡಲ್ಲ. ಅಂದ್ರೆ ಆಟೋ ಹಿಡಿದರೆ ಸರ್ವೀಸ್ ರಸ್ತೆ, ಲಾರಿ, ಮಳೆ ಬಂದರೆ ಅಂಡರ್‌ಪಾಸ್ ನೀರು. ಕೆಂಗೇರಿಯಿಂದ ಆ ತಾಯಿ ಮಗುವಿನ ಕೈ ಹಿಡಿದು ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಎಂ.ಜಿ. ರೋಡ್.

ಮೈಸೂರು ರಸ್ತೆ ಮಂಜು
ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲೋದು ಬಿಡದಿಗೆ ಮಾತ್ರಾನಾ? ಊರೊಳಗೆ ನಿಲ್ಲಲ್ವಾ?

ಬೋರ್‌ವೆಲ್ ಬಸಣ್ಣ
ರಸ್ತೆ ಬಿಡ್ರಿ, ನಲ್ಲಿ ನೀರು ಯಾರೂ ಕೇಳವಲ್ಲರಿ. ಬಿಡದಿ ಪಕ್ಕ ಬೈರಮಂಗಲ ಕೆರಿ ಐತಿ, ಬೆಂಗಳೂರಿನ ಕೊಳಚಿ ಹೊತ್ತ ವೃಷಭಾವತಿ ಅಲ್ಲಿಗೇ ಬರತೈತಿ. ಆ ಕಡಿ ಮನಿ ನೋಡೂಮುಂದ ಬೋರಿನ ನೀರು ಲ್ಯಾಬಿಗೆ ಕೊಟ್ಟು ನೋಡ್ರಿ. ಕುಡಿಯೋ ನೀರಿನ ಭಾರತೀಯ ಮಾನಕದಾಗ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ತನಕ ಒಳ್ಳೇದು, ಬ್ಯಾರೆ ನೀರು ಇಲ್ಲಂದ್ರ 2000 ತನಕ ನಡೀತೈತಿ. ಗಡಸುತನಕ್ಕ 200, 600. ಕೈಯಾಗ ಹಿಡಿಯೋ ಸಣ್ಣ ಮೀಟರ್ ಲವಣ ಅಷ್ಟ ಹೇಳತೈತಿ, ಕಾರ್ಖಾನಿ ವಿಷ ಹೇಳಂಗಿಲ್ಲ. ಅದಕ್ಕ ಲ್ಯಾಬು.

ಇನ್ನೊಂದು. ಜಪಾನ್ ಕರೆಂಟು 100 ವೋಲ್ಟ್, ನಮ್ಮದು 230. ಅಲ್ಲಿಂದ ತಂದ ಅಕ್ಕಿ ಕುಕ್ಕರಿಗೆ ಪಿನ್ ಬದಲಿಸೋ ಅಡಾಪ್ಟರ್ ಹಾಕಿದ್ರ ಒಂದ ಸಲಕ್ಕ ಸುಟ್ಟ ಹೋಗತೈತಿ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, 1200 ವ್ಯಾಟಿನ ಕುಕ್ಕರಿಗೆ ಕಡಿಮಿ ಅಂದ್ರೂ 1500 ವಿಎ (ಟ್ರಾನ್ಸ್‌ಫಾರ್ಮರ್ ತಾಕತ್ತಿನ ಅಳತಿ) ಇರಬೇಕು. ಅದರ ಬದಲಿ ಇಲ್ಲೇ 230ರದ್ದು ಕೊಳ್ಳೋದು ಬೇಷಿ. ಮನಿ ಮಂಜೂರಾತಿ ಲೋಡ್ 3 ಕಿಲೋವ್ಯಾಟ್ ಇದ್ದರ 2ರ ಗೀಸರು, 2ರ ಇಂಡಕ್ಷನ್ನು, ಒಂದೂವರಿ ಟನ್ ಏಸಿ ಒಮ್ಮೆಲೆ ಹಾಕಾಕ ಬರಂಗಿಲ್ಲ, ಎಂಸಿಬಿ ಬೀಳತೈತಿ. ಹೆಚ್ಚುವರಿ ಲೋಡಿಗೆ ಬೆಸ್ಕಾಂಗೆ ಅರ್ಜಿ ಹಾಕಬೇಕಾದವರು ಮಾಲೀಕರು. ಕರಾರಿಗೆ ಮೊದಲ ಹಾಕಸ್ರಿ.

ಕರಾರುಪತ್ರ
ಬಸಣ್ಣನವರ ಕೊನೆಯ ಮಾತು ಹಿಡಿದು ಹೇಳ್ತೀನಿ: "ಕರಾರಿಗೆ ಮೊದಲ". ಸವಿತಾ ಮೇಡಂ, ಊರು ಆಮೇಲೆ ಆರಿಸಿ. ಮಾಲೀಕರು ಸಿ-ಫಾರಂ (ಮನೆಯಲ್ಲಿ ವಿದೇಶಿಯರು ಇದ್ದಾರೆ ಅಂತ ಸರ್ಕಾರದ ಪೋರ್ಟಲ್‌ನಲ್ಲಿ ಕೊಡೋ ಮಾಹಿತಿ) ಹಾಕ್ತಾರಾ, ಇಲ್ವಾ? ಇದು ಮೊದಲನೇ ಪ್ರಶ್ನೆ. ವೀಸಾ 180 ದಿನಕ್ಕಿಂತ ಜಾಸ್ತಿ ಇದ್ದರೆ ಬಂದ 14 ದಿನದೊಳಗೆ ಇ-ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ವ್ಯವಸ್ಥೆ) ನೋಂದಣಿ ಆಗಬೇಕು. ಅಲ್ಲಿ ವಿಳಾಸದ ಪುರಾವೆ ಕೇಳ್ತಾರೆ. ಮಾಲೀಕರು 24 ಗಂಟೆಯೊಳಗೆ ಮಾಹಿತಿ ಕೊಟ್ಟಿಲ್ಲ ಅಂದ್ರೆ ಅರ್ಜಿ ಅಲ್ಲೇ ನಿಲ್ಲುತ್ತೆ. ಬಿಡದಿಯ ಬಿಡಿ ಮನೆ ಮಾಲೀಕರಲ್ಲಿ ಇದರ ಹೆಸರೇ ಕೇಳದವರು ಬಹಳ.

ಮೈಸೂರು ರಸ್ತೆ ಮಂಜು
ಸಿ-ಫಾರಂ ಇರೋದು ಲಾಡ್ಜಿಗೆ, ಹೋಟೆಲಿಗೆ. ಹಳ್ಳಿ ಮಾಲೀಕರನ್ನ ಯಾಕೆ ಹೆದರಿಸ್ತೀರಿ? ಹೀಗೆ ಹೆದರಿಸಿ ಹೆದರಿಸಿಯೇ ಯಾರೂ ವಿದೇಶಿಯರಿಗೆ ಮನೆ ಕೊಡಲ್ಲ.

ಕರಾರುಪತ್ರ
1946ರ ವಿದೇಶಿಯರ ಕಾಯ್ದೆಯಲ್ಲೇ ಬರೆದಿತ್ತು: ಪೀಠೋಪಕರಣ ಇರಲಿ, ಇಲ್ಲದಿರಲಿ, ಹಣ ಪಡೆದು ವಾಸಕ್ಕೆ ಜಾಗ ಕೊಡುವ ಪ್ರತಿಯೊಬ್ಬನೂ. ಮಂಚ, ಹಾಸಿಗೆ ಇಲ್ಲದ ಲಾಡ್ಜು ಎಲ್ಲಿದೆ ತೋರಿಸಿ. ಆ ಮಾತು ಬಾಡಿಗೆ ಮನೆಗೇ.

ಮೈಸೂರು ರಸ್ತೆ ಮಂಜು
"1946ರ ಕಾಯ್ದೆ" ರದ್ದಾಗಿದೆ ಸ್ವಾಮಿ. 2025ರಲ್ಲಿ ಹೊಸದು ಬಂತು. ರದ್ದಾದ ಕಾಯ್ದೆ ತೋರಿಸಿ ವಾದ ಗೆಲ್ಲಬೇಡಿ.

ಕರಾರುಪತ್ರ
2025ರ ಸೆಪ್ಟೆಂಬರ್ 1ಕ್ಕೆ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂತು, ನಾಲ್ಕು ಹಳೆಯ ಕಾಯ್ದೆ ಹೋದವು. ಸರಿ. ಆದರೆ ವಾಸಕ್ಕೆ ಜಾಗ ಕೊಟ್ಟವರು ಮಾಹಿತಿ ಕೊಡಬೇಕು ಅನ್ನೋ ಹೊಣೆ ಹೊಸದರಲ್ಲೂ ಇದೆ. ಆಸ್ಪತ್ರೆ, ಕಾಲೇಜುಗಳಿಗೂ ಬೇರೆ ಬೇರೆ ಹೊಣೆ ಹಾಕಿದ್ದಾರೆ. ಫಾರಂ ಹೆಸರು ಏನಾದರೂ ಆಗಲಿ, ಜನ ಸಿ-ಫಾರಂ ಅಂತಲೇ ಕರೀತಾರೆ, ಕೆಲಸ ಅದೇ.

ಮೈಸೂರು ರಸ್ತೆ ಮಂಜು
ನೀವೇ ಹೇಳಿದ್ರಿ ನೋಡಿ: "ಆಸ್ಪತ್ರೆ, ಕಾಲೇಜು". ಎಲ್ಲ ಸಂಸ್ಥೆಗಳು. ಒಂದು ಮನೆ ಬಾಡಿಗೆಗೆ ಕೊಟ್ಟ ನಿವೃತ್ತ ಮೇಷ್ಟ್ರು ಸಂಸ್ಥೆಯಾ?

ಕರಾರುಪತ್ರ
ನಾಲ್ಕು ಸಾಲು ಬರೆದರೆ ಎರಡು ಪದ ಓದ್ತೀರಿ.

ಚಲ್ಲಘಟ್ಟ ಲೋಕಲ್
ಮೇಷ್ಟ್ರ ತಲೆನೋವೇ ಬೇಡ. ಕಂಪನಿ ಹೆಸರಲ್ಲಿ ಕರಾರು ಮಾಡ್ಕೊಳ್ಳಿ. ಆಗ ನೌಕರನಿಗೆ ಮನೆ ಕೊಟ್ಟವರು ಕಂಪನಿ. ಸಿ-ಫಾರಂ ಕಂಪನಿ ಹಾಕಲಿ.

ಉಪನಗರ ಸವಿತಾ
ಅಲ್ಲೇ ತೊಡಕಿರೋದು. ಕಂಪನಿ ಕೇಳಿದರೆ ಮಾಲೀಕರು ಅಂತಾರೆ, ಮಾಲೀಕರನ್ನ ಕೇಳಿದರೆ ಕಂಪನಿ ಅಂತಾರೆ. 24 ಗಂಟೆ ಇದರಲ್ಲೇ ಕಳೆಯುತ್ತೆ.

ಕರಾರುಪತ್ರ
ಹಾಗಾಗಿ ಬಾಯಿಮಾತು ಬೇಡ, ಕರಾರಿನಲ್ಲಿ ಒಂದು ಷರತ್ತು ಹಾಕಿಸಿ. ಹೀಗೆ:

"ಬಾಡಿಗೆದಾರರು ಮನೆ ಪ್ರವೇಶಿಸಿದ 24 ಗಂಟೆಯೊಳಗೆ ಮಾಲೀಕರು ಸಿ-ಫಾರಂ ಸಲ್ಲಿಸತಕ್ಕದ್ದು. ಪಾಸ್‌ಪೋರ್ಟ್, ವೀಸಾ ಮತ್ತು ಆಗಮನದ ಮುದ್ರೆಯ ಪ್ರತಿಗಳನ್ನು ಬಾಡಿಗೆದಾರರು ಅದೇ ದಿನ ಒದಗಿಸತಕ್ಕದ್ದು. ತೆರವು ಮಾಡಿದ ದಿನಾಂಕವನ್ನೂ ಮಾಲೀಕರೇ ನಮೂದಿಸತಕ್ಕದ್ದು."

ಕಂಪನಿ ಹಾಕೋದಾದರೆ "ಮಾಲೀಕರು" ತೆಗೆದು "ಕಂಪನಿ" ಅಂತ ಬರೆಯಿರಿ, ಆದರೆ ಯಾರಾದರೂ ಒಬ್ಬರ ಹೆಸರು ಇರಲೇಬೇಕು. ಪೋರ್ಟಲ್‌ನಲ್ಲಿ ಮೊದಲು ಜಾಗ ಕೊಡುವವರು ತಾವು ಯಾರು, ಮನೆ ಯಾವುದು ಅಂತ ನೋಂದಾಯಿಸಿ ಲಾಗಿನ್ ಪಡೀಬೇಕು. ಅದನ್ನ ಕುಟುಂಬ ವಿಮಾನ ಹತ್ತೋದಕ್ಕೆ ಮುಂಚೆಯೇ ಮುಗಿಸಿ. ಬಂದ ದಿನ ಶುರು ಮಾಡಿದರೆ 24 ಗಂಟೆ ಸಾಲಲ್ಲ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಫಾರಂ, ಆರು ವರ್ಷದ ಮಗುವಿಗೂ.

ತಪ್ಪಾಗೋದು ಮೂರು ಕಡೆ. ಭಾರತಕ್ಕೆ ಬಂದ ದಿನಾಂಕ ಬೇರೆ, ಮನೆಗೆ ಬಂದ ದಿನಾಂಕ ಬೇರೆ. ಎರಡಕ್ಕೂ ಒಂದೇ ತಾರೀಖು ಹಾಕಿಬಿಡ್ತಾರೆ. ಮನೆತನದ ಹೆಸರು, ಸ್ವಂತ ಹೆಸರು ಅದಲುಬದಲು ಮಾಡ್ತಾರೆ. ಮೂರನೇದು ಹೋಟೆಲ್: ಮೊದಲ ವಾರ ಹೋಟೆಲಲ್ಲಿ ಇದ್ದರೆ ಅವರು ಅವರ ಸಿ-ಫಾರಂ ಹಾಕಿರ್ತಾರೆ, ಮನೆಗೆ ಬಂದ ಮೇಲೆ ಅದು ಸಾಲಲ್ಲ. ಹೋಟೆಲ್ ವಿಳಾಸದ ಮೇಲೆ ನೋಂದಣಿ ಮಾಡಿಸಿದರೆ ಮತ್ತೆ ವಿಳಾಸ ಬದಲಾವಣೆ ಅರ್ಜಿ.

ಮೈಸೂರು ರಸ್ತೆ ಮಂಜು
"ಯಾರಾದರೂ ಒಬ್ಬರು" ಅಂತ ಈಗ ಹೇಳ್ತಿದ್ದೀರಿ. ಮೊದಲು ಮಾಲೀಕರೇ ಅಂದಿದ್ರಿ. ಮಾತು ಬದಲಾಯ್ತಲ್ಲ?

ಕರಾರುಪತ್ರ
ಬದಲಾಗಿಲ್ಲ. ಜಾಗ ಕೊಟ್ಟವರದ್ದು ಹೊಣೆ ಅಂದೆ. ಕಂಪನಿ ಬಾಡಿಗೆಗೆ ಹಿಡಿದು ನೌಕರನಿಗೆ ಕೊಟ್ಟರೆ ಜಾಗ ಕೊಟ್ಟವರು ಕಂಪನಿ. ನೇರ ಕೊಟ್ಟರೆ ಮೇಷ್ಟ್ರು. ಮೇಷ್ಟ್ರಿಗೆ ಫಾರಂ ಹಾಕೋದು ಕಷ್ಟ ಅನ್ನೋದು ನಿಜ, ಅದಕ್ಕೇ ಕೂತು ಹಾಕಿಸಿಕೊಡಿ. ಕಷ್ಟ ಅಂದ ಮಾತ್ರಕ್ಕೆ ಕಾಯ್ದೆ ಇಲ್ಲ ಅನ್ನಬೇಡಿ. ಅದರ ಪೆಟ್ಟು ಬೀಳೋದು ಭಾಷೆ ಬಾರದ ಆ ಕುಟುಂಬಕ್ಕೆ. ನೋಂದಣಿ ಕಚೇರಿ ಇರೋ ಶಾಂತಿನಗರ ಬಸ್ ನಿಲ್ದಾಣದ ಟಿಟಿಎಂಸಿ ಕಟ್ಟಡಕ್ಕೆ ಅಲೆಯೋರು ಅವರು, ನೀವಲ್ಲ.

ಮೈಸೂರು ರಸ್ತೆ ಮಂಜು
ಆ ಕುಟುಂಬದ ಬಗ್ಗೆ ನನಗೂ ಕಾಳಜಿ ಇದೆ. ನನ್ನ ಮೇಲೆ ಹಾಕಬೇಡಿ. ಬಿಡದಿ ಮನೆ ಖಾಲಿ ಬಿದ್ದಿರೋದು ನಿಮ್ಮಂಥೋರು ಕಾಗದ ಕಾಗದ ಅಂತ ಕೂಗೋದರಿಂದ.

ಬೋರ್‌ವೆಲ್ ಬಸಣ್ಣ
ಇಬ್ಬರೂ ಸುಮ್ಮನಿರ್ರಿ. ಹೆಣ್ಮಗಳು ಮನಿ ಕೇಳ್ಯಾಳ, ನೀವು ಕೋರ್ಟ್ ನಡಸಾಕತ್ತೀರಿ.

ಉಪನಗರ ಸವಿತಾ
ಹಾಗಲ್ಲ ಬಸಣ್ಣ, ಈ ಷರತ್ತು ಉಪಯೋಗಕ್ಕೆ ಬರುತ್ತೆ. ಕರಾರುಪತ್ರ ಅವರೇ, ವಿಳಾಸ ಹೇಗೆ ಬರೀಬೇಕು? ಬ್ರೋಕರ್ ಕೊಟ್ಟ ಕರಡಿನಲ್ಲಿ "ಬಿಡದಿ, ಬೆಂಗಳೂರು" ಅಂತಷ್ಟೇ ಇದೆ.

ಕರಾರುಪತ್ರ
ಹಾಗೆ ಬರೆಸಬೇಡಿ. ಬಿಡದಿ ಠಾಣೆ ಬೆಂಗಳೂರು ಪೊಲೀಸ್ ಕಮಿಷನರೇಟ್‌ಗೆ ಸೇರಿಲ್ಲ, ಜಿಲ್ಲಾ ಪೊಲೀಸರ ಕೈಲಿದೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಬೆಂಗಳೂರು ನಗರ ಜಿಲ್ಲೆಯಲ್ಲಿ ಬೆಂಗಳೂರು ದಕ್ಷಿಣ ಅನ್ನೋ ತಾಲೂಕೇ ಬೇರೆ ಇದೆ, ಕೆಂಗೇರಿ ಇರೋದು ಅದರಲ್ಲಿ. ಜಿಲ್ಲೆ, ತಾಲೂಕು, ಠಾಣೆ ಮೂರನ್ನೂ ಬಿಡಿಸಿ ಬರೆಯದಿದ್ದರೆ ಪರಿಶೀಲನೆಯ ಕಾಗದ ಬೇರೆ ಠಾಣೆಗೆ ಹೋಗಿ ಕೂರುತ್ತೆ. ಕರಾರು, ಕರೆಂಟ್ ಬಿಲ್, ಸಿ-ಫಾರಂ, ಇ-ಎಫ್‌ಆರ್‌ಆರ್‌ಒ ಅರ್ಜಿ, ನಾಲ್ಕರಲ್ಲೂ ಮನೆ ನಂಬರು, ಪಿನ್‌ಕೋಡ್ ಒಂದೇ ಇರಲಿ. ಕೆಂಗೇರಿ ಆರಿಸಿದರೆ ಈ ಗೊಂದಲ ಕಡಿಮೆ.

ಮೈಸೂರು ರಸ್ತೆ ಮಂಜು
ಕಡೆಗೂ ಕೆಂಗೇರಿ ಪರ ಬಂದ್ರಿ.

ಅಗ್ರಿಮೆಂಟ್ 11
ಈಗಷ್ಟೇ ಓದಿದೆ. ಅಡ್ವಾನ್ಸ್ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ? 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಠೇವಣಿ ಕೇಳೋ ಹಾಗಿಲ್ಲ. ಆರು, ಹತ್ತು ತಿಂಗಳು ಕೊಡಬೇಡಿ ಮೇಡಂ.

ಮೈಸೂರು ರಸ್ತೆ ಮಂಜು
ಮಾದರಿ ಅಂದ್ರೆ ಮಾದರಿ. ರಾಜ್ಯ ತನ್ನ ಕಾಯ್ದೆ ಮಾಡಿಕೊಂಡರೆ ಮಾತ್ರ ಕಟ್ಟುಪಾಡು. ಅದನ್ನ ತೋರಿಸಿದರೆ ಯಾವ ಮಾಲೀಕನೂ ಬಾಗಿಲು ತೆರೆಯಲ್ಲ.

ಕರಾರುಪತ್ರ
ಈ ಒಂದು ವಿಷಯದಲ್ಲಿ ಮಂಜು ಹೇಳಿದ್ದು ಸರಿ ಇದೆ. ಠೇವಣಿ ಎಷ್ಟು ಅನ್ನೋದಕ್ಕಿಂತ ಅದರಿಂದ ಏನೇನು ಕಡಿತ ಅನ್ನೋದು ಬರೆಸಿ. ಖಾಲಿ ಮಾಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯೋದು ನಮ್ಮಲ್ಲಿ ಮಾಮೂಲಿ, ಹೊರಗಿನವರಿಗೆ ಅದು ಗೊತ್ತಿರಲ್ಲ. ಕೊನೇ ದಿನ ಜಗಳ ಆಗೋದು ಅಲ್ಲೇ. ಅವರು ವಿಮಾನ ಹತ್ತೋ ಮುಂಚೆ ಠೇವಣಿ ವಾಪಸ್ ಬರೋ ಹಾಗೆ ತಾರೀಖು ಹಾಕಿಸಿ, ಹೋದ ಮೇಲೆ ವಸೂಲಿ ಮಾಡೋದು ಕಷ್ಟ. ಇನ್ನು, ಬಾಡಿಗೆ ತಿಂಗಳಿಗೆ 50 ಸಾವಿರ ದಾಟಿದರೆ ನೇರ ಬಾಡಿಗೆಗೆ ಇರೋ ವ್ಯಕ್ತಿಯೇ 2% ಟಿಡಿಎಸ್ (ಬಾಡಿಗೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ಆದಾಯ ತೆರಿಗೆ) ಹಿಡೀಬೇಕು. ಮಾಲೀಕರು ಅನಿವಾಸಿ ಭಾರತೀಯರಾದರೆ ಆ ಮಿತಿಯೇ ಇಲ್ಲ, ದರವೂ ಬಹಳ ಜಾಸ್ತಿ. ಮಾಲೀಕರು ಎಲ್ಲಿ ವಾಸ ಅಂತ ಮೊದಲೇ ಕೇಳಿ.

ಅಗ್ರಿಮೆಂಟ್ 11
"ಮಾಮೂಲಿ" ಅನ್ನೋದೇ ತಪ್ಪು. ಎರಡು ವರ್ಷ ಇದ್ದ ಮನೆಯ ಗೋಡೆ ಸವೆಯೋದು ಸಹಜ. ಅದಕ್ಕೆ ಬಾಡಿಗೆದಾರ ಯಾಕೆ ಕೊಡಬೇಕು?

ಚಲ್ಲಘಟ್ಟ ಲೋಕಲ್
ಬಣ್ಣ ಬಿಡಿ, ಓಡಾಟದ ಲೆಕ್ಕ ಹಾಕಿ. ಕೆಂಗೇರಿಯಲ್ಲಿದ್ದರೆ ಟೋಲ್ ಖರ್ಚು ಅಂತ ಮಂಜು ಹೇಳೋದಕ್ಕೆ ಮುಂಚೆ ನಾನೇ ಹೇಳ್ತೀನಿ: 2025ರ ಆಗಸ್ಟ್ 15ಕ್ಕೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು, ಆಗ 3,000 ರೂಪಾಯಿಗೆ 200 ಟ್ರಿಪ್.

ಮೈಸೂರು ರಸ್ತೆ ಮಂಜು
"200 ಟ್ರಿಪ್" ಅಂದ್ರೆ ಹೋಗೋದು ಒಂದು, ಬರೋದು ಒಂದು. ನೂರು ಕೆಲಸದ ದಿನಕ್ಕೆ ಮುಗೀತು. ವರ್ಷಕ್ಕೆ 250 ದಿನ ಅಂದ್ರೂ ಎರಡೂವರೆ ಪಾಸ್. ಮತ್ತೆ ಅದು ಬಿಳಿ ಬೋರ್ಡಿನ ಸ್ವಂತ ಗಾಡಿಗೆ ಮಾತ್ರ. ಕಂಪನಿ ಕಳಿಸೋ ಹಳದಿ ಬೋರ್ಡ್ ಕ್ಯಾಬಿಗೆ ಸಿಗಲ್ಲ.

ಚಲ್ಲಘಟ್ಟ ಲೋಕಲ್
ಕ್ಯಾಬಿನ ಟೋಲ್ ಕಂಪನಿ ಕಟ್ಟುತ್ತೆ. ಆ ಹೆಣ್ಣುಮಗಳ ಆಟೋ ದುಡ್ಡು ಯಾರು ಕಟ್ತಾರೆ? ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಉಪನಗರ ಸವಿತಾ
ಕೆಂಗೇರಿಯಲ್ಲಿ ಎರಡು, ಬಿಡದಿಯಲ್ಲಿ ಒಂದು ಮನೆ ನೋಡ್ತೀನಿ. ಮೂರೂ ಮಾಲೀಕರಿಗೆ ಷರತ್ತಿನ ಕರಡು ಮೊದಲೇ ಕಳಿಸ್ತೀನಿ. ಒಪ್ಪದವರ ಮನೆ ಕುಟುಂಬಕ್ಕೆ ತೋರಿಸೋದೇ ಇಲ್ಲ.

ಮೈಸೂರು ರಸ್ತೆ ಮಂಜು
ಬಿಡದಿಯವರು ಒಪ್ತಾರೆ. ಆದರೂ ಒಂಟಿ ಮನೆಗೆ ಸಿ-ಫಾರಂ ಬೇಕಾಗಿಲ್ಲ ಅನ್ನೋ ನನ್ನ ಮಾತಲ್ಲಿ ಬದಲಾವಣೆ ಇಲ್ಲ.

ಬೋರ್‌ವೆಲ್ ಬಸಣ್ಣ
ಮೂರೂ ಮನಿ ನೀರು ಒಂದೊಂದು ಲೀಟರ್ ಸ್ವಚ್ಛ ಬಾಟ್ಲಿಯಾಗ ತುಂಬ್ರಿ. ಮೋಟಾರ್ ಐದು ನಿಮಿಷ ಓಡಿಸಿ ಆಮ್ಯಾಲ ಹಿಡೀರಿ, ಸಂಪಿನ ನೀರು ಬ್ಯಾಡ. ಟ್ಯಾಂಕರ್ ನೀರು ಕಲಸಿರತಾರ.