ಪದಚರ್ಚೆ: ಓಡುವ ದೋಣಿಯ ಹಿಂದೆ ಗಾಳ ಎಳೆಯುವುದಕ್ಕೆ ಏನೆನ್ನಬೇಕು?

ಕೇಳಿದವರು: ಮಂಗಳೂರಿನಿಂದ

ಮಾನ್ಯರೇ,

ಶನಿವಾರದೊಳಗೆ ನನಗೊಂದು ಪದ ಬೇಕಾಗಿದೆ. ಅಮೆರಿಕದ ಮಿಲ್ವಾಕಿಯಲ್ಲಿರುವ ನನ್ನ ತಮ್ಮನೂ ಅವನ ಕೆಲವು ಕನ್ನಡಿಗ ಸ್ನೇಹಿತರೂ, ಊರಿನಿಂದ ಬಂದಿರುವ ಹಿರಿಯರನ್ನು ಒಂದು ದಿನದ ಮಟ್ಟಿಗೆ ಬಾಡಿಗೆ ದೋಣಿಯಲ್ಲಿ ಮಿಷಿಗನ್ ಸರೋವರಕ್ಕೆ ಸಾಲ್ಮನ್ ಮತ್ತು ಟ್ರೌಟ್ ಮೀನು ಹಿಡಿಯಲು ಕರೆದೊಯ್ಯುವವರಿದ್ದಾರೆ. ದೋಣಿಯ ಯಜಮಾನ ಕೊಟ್ಟಿರುವ ಎರಡು ಪುಟಗಳ ಸೂಚನಾಪತ್ರವನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಾನು ಸಿಕ್ಕಿಬಿದ್ದಿರುವುದು ಟ್ರೋಲಿಂಗ್ ಎಂಬ ಮಾತಿನಲ್ಲಿ. ದೋಣಿಯು ಗಂಟೆಗೆ ನಾಲ್ಕೈದು ಕಿಲೋಮೀಟರಿನಂತೆ, ಅಂದರೆ ಮನುಷ್ಯ ನಡೆಯುವ ವೇಗದಲ್ಲಿ, ಸಾಗುತ್ತಿರುವಾಗ ಹಿಂಬದಿಯಲ್ಲಿ ಹಲವು ಗಾಳದ ಕೋಲುಗಳನ್ನು ನಿಲ್ಲಿಸಿ, ಬೇರೆ ಬೇರೆ ಆಳಕ್ಕೆ ದಾರ ಬಿಟ್ಟು, ತುದಿಯಲ್ಲಿ ಥಳಥಳಿಸುವ ತಗಡಿನ ಹುಸಿಮೀನು ಕಟ್ಟಿ ಎಳೆದುಕೊಂಡು ಹೋಗುವ ಕ್ರಮಕ್ಕೆ ಆ ಹೆಸರು. ಮೊದಲ ಕರಡಿನಲ್ಲಿ ಟ್ರೋಲಿಂಗ್ ಎಂದೇ ಬರೆದು, ಮೂವತ್ತು ವರ್ಷ ಮಲ್ಪೆಯ, ಬಲೆ ಎಳೆಯುವ ಟ್ರಾಲ್ ಬೋಟುಗಳಲ್ಲಿ ದುಡಿದ ನನ್ನ ಮಾವನವರಿಗೆ ತೋರಿಸಿದೆ. ಅವರು ಎರಡು ಸಲ ಓದಿ, ತುಳುವಿನಲ್ಲಿ "ಬಲೆ ಓಲುಂಡು?" (ಬಲೆ ಎಲ್ಲಿದೆ?) ಎಂದು ಕೇಳಿದರು. ಕಾಲೇಜಿಗೆ ಹೋಗುವ ಮಗಳು ಅದೇ ಹಾಳೆಯನ್ನು ನೋಡಿ, ಮೀನನ್ನು ಯಾಕಮ್ಮ ಟ್ರೋಲ್ ಮಾಡುತ್ತಾರೆ ಎಂದು ನಕ್ಕಳು. ಒಂದೇ ಮನೆಯಲ್ಲಿ ಒಂದೇ ಪದಕ್ಕೆ ಎರಡು ತಪ್ಪು ಅರ್ಥಗಳು ಹುಟ್ಟಿದ ಮೇಲೆ ಅದನ್ನು ಹಾಗೆಯೇ ಕಳುಹಿಸಲು ಧೈರ್ಯ ಬರಲಿಲ್ಲ.

ಇದರ ಜೊತೆಗೆ, ಗಾಳವನ್ನು ಆಳಕ್ಕಿಳಿಸುವ ಡೌನ್‌ರಿಗ್ಗರ್ ಎಂಬ ಸಲಕರಣೆಯ ಹತ್ತಿರ ನಿಲ್ಲಬಾರದೆಂಬ ಎಚ್ಚರಿಕೆಯಿದೆ. ಅದಕ್ಕೂ ಒಂದು ಹೆಸರು ಬೇಕು. ತಗಡಿನ ಹುಸಿಮೀನಿಗೆ ಅವರು ಸ್ಪೂನ್ ಎನ್ನುತ್ತಾರೆ. ನಾನು ಚಮಚ ಎಂದು ಬರೆದರೆ ಹಿರಿಯರು ಊಟಕ್ಕೆ ಎಲೆ ಹಾಕುವುದನ್ನು ಕಾಯುತ್ತ ಕುಳಿತಾರು. ಇನ್ನು, ವಿಸ್ಕಾನ್ಸಿನ್ ರಾಜ್ಯದಲ್ಲಿ ಮೀನು ಹಿಡಿಯುವ ಪರವಾನಗಿಯ ಮೇಲೆ, ಈ ಸರೋವರದ ಸಾಲ್ಮನ್ ಮತ್ತು ಟ್ರೌಟ್‌ಗಳಿಗೆಂದೇ ಬೇರೆ ಶುಲ್ಕ ಕೊಟ್ಟು ಪಡೆಯುವುದೊಂದಿದೆ. ಅದಕ್ಕೆ ಸ್ಟಾಂಪ್ ಎಂದು ಹೆಸರು. ಅಂಚೆಚೀಟಿ ಎನ್ನುವಂತಿಲ್ಲ, ಛಾಪಾ ಕಾಗದ ಎಂದರೆ ಜಾಗದ ಕ್ರಯಪತ್ರಕ್ಕೆ ಕರೆದೊಯ್ಯುತ್ತಿದ್ದಾರೆಂದು ಗಾಬರಿಯಾದೀತು. ತಿಳಿದವರು ದಯವಿಟ್ಟು ಬೇಗನೆ ಉತ್ತರಿಸಬೇಕು.

ಉತ್ತರ: ಉಡುಪಿಯಿಂದ

ಪದವನ್ನು ಹುಡುಕಬೇಕಾಗಿಲ್ಲ, ಕಟ್ಟಿದರೆ ಸಾಕು. ಬೀಸುಬಲೆಯಲ್ಲಿ ಧಾತುವೇ ಪೂರ್ವಪದವಾಗಿ ನಿಂತಿರುವಂತೆ ಇಲ್ಲಿಯೂ ನಿಲ್ಲಿಸಿದರೆ ಎಳೆಗಾಳ ಎಂಬುದು ತಾನಾಗಿಯೇ ಸಿದ್ಧಿಸುತ್ತದೆ. ಆದರೆ ಅದನ್ನು ಈಗಿನ ಳಕಾರದಲ್ಲಿ ಬರೆಯುವುದು ಅನರ್ಥಕ್ಕೆ ದಾರಿ. ಸೆಳೆಯುವ ಅರ್ಥದ ಧಾತು ಎೞೆ, ಅದರಲ್ಲಿರುವುದು ರಳ ಎಂಬ ಹಳಗನ್ನಡದ ೞಕಾರ. ನೂಲಿನ ಎೞೆಯಲ್ಲಿಯೂ ರಳವೇ ಇದೆ. ಎಳಗರು, ಎಳನೀರುಗಳಲ್ಲಿರುವ ಎಳ ಮಾತ್ರ ಕುಳದ್ದು, ಅಂದರೆ ಈಗಿನ ಳಕಾರದ್ದು. ತಮಿಳಿನಲ್ಲಿ ಈ ಭೇದ ಇಂದಿಗೂ ಜೀವಂತವಾಗಿರುವುದರಿಂದ ಅಲ್ಲಿ ಎಳೆಯುವುದಕ್ಕೂ ಎಳೆತನಕ್ಕೂ ಗೊಂದಲವಾಗುವ ಪ್ರಸಂಗವೇ ಇಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ತೋರಿಸಿದ್ದು ಹೊತ್ತು ಕಳೆಯುವುದಕ್ಕಲ್ಲ. ಅದನ್ನು ನಾವು ಕೈಬಿಟ್ಟುದರ ಫಲವಾಗಿ ಎಳೆಗಾಳ ಎಂದೊಡನೆ ಇನ್ನೂ ಬಲಿಯದ ಗಾಳವೋ, ನೂಲಿನ ಗಾಳವೋ, ಎಳೆಯುವ ಗಾಳವೋ ಎಂದು ಓದುಗ ತಡವರಿಸಬೇಕಾಗಿದೆ. ಆದುದರಿಂದ ಎೞೆಗಾಳ ಎಂದೇ ಮುದ್ರಿಸಿ, ಕೆಳಗೆ ಉಚ್ಚಾರಣೆಯನ್ನು ತಿಳಿಸುವುದು ಯೋಗ್ಯ.

ಮತ್ತೊಂದು ಮಾತು. ಮಿಷಿಗನ್ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳ ಒಜಿಬ್ವೆ ಭಾಷೆಯಲ್ಲಿ ದೊಡ್ಡ ನೀರು ಎಂಬರ್ಥದ ಮಾತಿನಿಂದ ಬಂದದ್ದು. ಮಿಷಿಗನ್ ಸರೋವರ ಎಂಬುದು ಪುನರುಕ್ತಿ.

ಉತ್ತರ: ಮಣಿಪಾಲದಿಂದ

ಪಾರಿಭಾಷಿಕ ಪದಕ್ಕೆ ಎಳೆಗಾಳದಂಥ ಹಳ್ಳಿಮಾತು ಸಲ್ಲದು. ಗಾಳಕ್ಕೆ ಬಡಿಶ ಎಂಬ ಸಿದ್ಧವಾದ ಸಂಸ್ಕೃತ ಶಬ್ದ ಇರುವಾಗ ಕರ್ಷಣಬಡಿಶ ಎಂದರೆ ದೇಶದ ಎಲ್ಲ ಭಾಷೆಗಳಿಗೂ ಒಂದೇ ಪದವಾಗುತ್ತದೆ. ಚಲಗಾಳ ಎಂದು ನನಗೊಬ್ಬರು ಖಾಸಗಿಯಾಗಿ ಸೂಚಿಸಿದ್ದಾರೆ. ಅದು ಅರಿಸಮಾಸ, ಚರ್ಚೆಗೆ ಅನರ್ಹ.

ಉತ್ತರ: ಸುರತ್ಕಲ್ಲಿನಿಂದ

ಅಕ್ಕಾ, ಹಿರಿಯರಿಬ್ಬರೂ ಕ್ಷಮಿಸಬೇಕು. ದೋಣಿಯಲ್ಲಿ ಕುಳಿತು ರಳವನ್ನು ಉಚ್ಚರಿಸುವುದರೊಳಗೆ ಮೀನು ತಪ್ಪಿಸಿಕೊಂಡಿರುತ್ತದೆ, ಕರ್ಷಣಬಡಿಶ ಎಂದು ಹೇಳಿ ಮುಗಿಸುವುದರೊಳಗೆ ದೋಣಿ ದಡ ಸೇರಿರುತ್ತದೆ. ಟ್ರೋಲಿಂಗ್ ಎಂದೇ ಇರಲಿ. ಪೋರ್ಚುಗೀಸರಿಂದ ಚಾವಿ, ಜನೇಲು, ಇಗರ್ಜಿಗಳನ್ನು ಪಡೆದ ಈ ಕರಾವಳಿ ಇಂಗ್ಲಿಷಿನ ಒಂದು ಪದಕ್ಕೆ ಹೆದರಬೇಕೇ? ನಮ್ಮ ಮೀನುಗಾರರು ಪರ್ಸ್ ಸೀನ್ ಎಂಬ ಬಲೆಯ ಇಂಗ್ಲಿಷ್ ಹೆಸರಿನ ಎರಡು ಪದಗಳನ್ನು ಒತ್ತಿ ಹಿಡಿದು ಪರ್ಸೀನ್ ಎಂದು ಒಂದೇ ಮಾಡಿಕೊಂಡಾಗ ಯಾವ ಪಂಡಿತರನ್ನೂ ಕೇಳಿರಲಿಲ್ಲ. ಸಾಲ್ಮನ್‌ಗೆ ಮಾತ್ರ ನಮ್ಮಲ್ಲಿಯೇ ಹೆಸರಿದೆ: ಹೋಟೆಲಿನ ಪಟ್ಟಿಗಳಲ್ಲಿ ಇಂಡಿಯನ್ ಸಾಲ್ಮನ್ ಎಂದು ಬರೆದಿರುವ ರಾವಸ್.

ಉತ್ತರ: ಮಲ್ಪೆಯಿಂದ

ಮೀನುಗಾರಿಕೆಯ ಪಾಠ ಹೇಳಿ ನಿವೃತ್ತನಾದವನು ನಾನು; ಆದುದರಿಂದ ಪದಕ್ಕಿಂತ ಮೊದಲು ಮೀನಿನ ಬಗ್ಗೆ ಹೇಳುತ್ತೇನೆ.

ರಾವಸ್ ಸಾಲ್ಮನ್ ಅಲ್ಲ. ಅದರ ಎದೆರೆಕ್ಕೆಯ ಕೆಳಗೆ ನಾಲ್ಕು ಬಿಡಿ ಎಳೆಗಳು ಇಳಿಬಿದ್ದಿರುತ್ತವೆ (ಉಡುಪಿಯವರು ಇಲ್ಲಿ ರಳವನ್ನು ಓದಿಕೊಳ್ಳಬಹುದು). ಅದರ ವಂಶವೂ ಬೇರೆ, ನೀರೂ ಬೇರೆ. ಇಂಗ್ಲಿಷರು ಹಚ್ಚಿ ಹೋದ ತಪ್ಪು ಚೀಟಿಯನ್ನು ನಾವು ಕನ್ನಡದ ಅಂಟು ಹಾಕಿ ಭದ್ರಪಡಿಸಬೇಕಾಗಿಲ್ಲ.

ಟ್ರೌಟ್‌ಗೆ ಯಾರೂ ಇನ್ನೂ ಕನ್ನಡ ಕಟ್ಟಿಲ್ಲವೆಂಬುದು ಸಮಾಧಾನದ ಸಂಗತಿ, ಏಕೆಂದರೆ ಇಂಗ್ಲಿಷಿನಲ್ಲಿಯೇ ಆ ಹೆಸರು ಬಹಳ ಸಡಿಲವಾಗಿದೆ. ಆ ಸರೋವರದಲ್ಲಿ ಸ್ಟೀಲ್‌ಹೆಡ್ ಎಂದು ಕರೆಯುವ ರೈನ್‌ಬೋ ಟ್ರೌಟ್, ಚಿನೂಕ್ ಮತ್ತು ಕೋಹೋ ಸಾಲ್ಮನ್‌ಗಳಿರುವ ಓಂಕೊರಿಂಕಸ್ ಕುಲದ್ದೇ. 1989ರಲ್ಲಿ ವಿಜ್ಞಾನಿಗಳು ಅದನ್ನು ಹಳೆಯ ಸಾಲ್ಮೊ ಕುಲದಿಂದ ತೆಗೆದು ಇಲ್ಲಿಗೆ ಸೇರಿಸಿದರು. ಬ್ರೌನ್ ಟ್ರೌಟ್ ಮಾತ್ರ ಅಟ್ಲಾಂಟಿಕ್ ಸಾಲ್ಮನ್‌ನ ಜೊತೆಗೆ ಸಾಲ್ಮೊ ಕುಲದಲ್ಲಿಯೇ ಉಳಿದಿದೆ. ಲೇಕ್ ಟ್ರೌಟ್ ಈ ಎರಡೂ ಅಲ್ಲದ ಚಾರ್ ಗುಂಪಿನ ಮೀನು. ಚಿನೂಕ್ ಮತ್ತು ಕೋಹೋ ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತವೆ, ಟ್ರೌಟ್‌ಗಳು ಬದುಕಿ ಮತ್ತೆ ಮೊಟ್ಟೆಯಿಡಬಲ್ಲವು ಎಂಬ ವ್ಯತ್ಯಾಸವೊಂದನ್ನು ಬಿಟ್ಟರೆ, ಸಾಲ್ಮನ್ ಮತ್ತು ಟ್ರೌಟ್ ಎಂಬ ಗಡಿ ಅಲ್ಲಿ ಮಾತಿನಲ್ಲಿರುವಷ್ಟು ಗಟ್ಟಿಯಾಗಿ ನೀರಿನಲ್ಲಿಲ್ಲ. ಇಂಥ ಹೆಸರನ್ನು ಅನುವಾದಿಸುವವನು ಗೊಂದಲವನ್ನೇ ಅನುವಾದಿಸಿದಂತಾಗುತ್ತದೆ.

ಇನ್ನೂ ಒಂದು ಕಾರಣವಿದೆ. ಈ ಮೀನುಗಳ ಪೈಕಿ ಆ ಸರೋವರದ ಮೂಲನಿವಾಸಿ ಲೇಕ್ ಟ್ರೌಟ್ ಒಂದೇ. ಕಾಲುವೆಗಳ ಮೂಲಕ ಒಳನುಗ್ಗಿದ, ಮೀನಿನ ಮೈಗೆ ಬಾಯಿ ಹಚ್ಚಿ ರಕ್ತ ಹೀರುವ ಲ್ಯಾಂಪ್ರೀಯಿಂದಲೂ ಮಿತಿಮೀರಿ ಹಿಡಿದುದರಿಂದಲೂ 1950ರ ದಶಕದ ಹೊತ್ತಿಗೆ ಅದು ಅಲ್ಲಿ ಅಳಿದುಹೋಗಿತ್ತು. ತಿನ್ನುವ ದೊಡ್ಡ ಮೀನಿಲ್ಲದೆ, ನಮ್ಮ ಬೂತಾಯಿಯ ದೂರದ ನೆಂಟನಾದ ಆಲ್‌ವೈಫ್ ಎಂಬ ಸಣ್ಣ ಮೀನು ಮಿತಿಯಿಲ್ಲದೆ ಹೆಚ್ಚಿ, 1967ರಲ್ಲಿ ದಡದುದ್ದಕ್ಕೂ ರಾಶಿರಾಶಿಯಾಗಿ ಸತ್ತು ಬಿತ್ತು. ಅದನ್ನು ತಿನ್ನುವ ಬಾಯಿಯೂ ಆಗಲಿ, ಗಾಳ ಹಾಕುವವರಿಗೆ ಆಟವೂ ಆಗಲಿ ಎಂದು ಮಿಷಿಗನ್ ರಾಜ್ಯದ ಮೀನುಗಾರಿಕೆಯ ಹೊಣೆ ಹೊತ್ತಿದ್ದ ಹೊವರ್ಡ್ ಟ್ಯಾನರ್ ಅವರು ಆರೆಗಾನ್‌ನಿಂದ ಮೊಟ್ಟೆ ತರಿಸಿ, ಮರಿ ಮಾಡಿಸಿ, 1966ರಲ್ಲಿ ಕೋಹೋವನ್ನು ಬಿಡಿಸಿದರು. ಮರುವರ್ಷ ಚಿನೂಕ್ ಬಂತು. ಅಲ್ಲಿಯ ಸಾಲ್ಮನ್ ಆ ನೀರಿಗೇ ಎರವಲಾಗಿರುವಾಗ ಅದರ ಹೆಸರು ನಮಗೆ ಎರವಲಾದುದರಲ್ಲಿ ಯಾರ ಮಾನವೂ ಹೋಗುವುದಿಲ್ಲ.

ಟ್ರೋಲಿಂಗ್‌ನ ವಿಷಯ ಹಾಗಲ್ಲ. ಸುರತ್ಕಲ್ಲಿನ ತಮ್ಮ ತಪ್ಪಿದ್ದು ಇಲ್ಲಿ. ಎರವಲು ಪದ ಬಂದು ಕೂರಬೇಕಾದರೆ ಕುರ್ಚಿ ಖಾಲಿಯಿರಬೇಕು. ಈ ಕರಾವಳಿಯಲ್ಲಿ ಆ ಕುರ್ಚಿಯ ಮೇಲೆ ಟ್ರಾಲಿಂಗ್ ಕುಳಿತು ದಶಕಗಳಾಗಿವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ದಕ್ಕೆಯಲ್ಲಿ ನಿಲ್ಲುವಾಗ ಊರಿನ ಬಾಯಲ್ಲಿ ಬರುವ ಮಾತೂ ಅದೇ. ಟ್ರಾಲಿಂಗ್ ಎಂದರೆ ಹಲಗೆಗಳಿಂದ ಬಾಯಿ ತೆರೆದ ಚೀಲದಂಥ ಬಲೆಯನ್ನು ಎಳೆದು, ಸಿಕ್ಕಿದ್ದನ್ನೆಲ್ಲ ಬಾಚಿ ತರುವುದು. ಟ್ರೋಲಿಂಗ್ ಎಂದರೆ ಒಂದು ದಾರದ ತುದಿಯ ಒಂದು ಹುಸಿಮೀನಿಗೆ ಒಂದೇ ಮೀನು ಕಚ್ಚುವುದು. ಇಂಗ್ಲಿಷಿನವರೇ ಒಂದಕ್ಕೆ ಇನ್ನೊಂದನ್ನು ಬರೆದು ತಪ್ಪುವುದುಂಟು. ನಮ್ಮ ಕಿವಿಗೆ ಬೀಳುವ ಒಂದು ಸ್ವರದ ಅಂತರವನ್ನು ನಂಬಿ ಈ ಎರಡನ್ನೂ ಒಂದೇ ಊರಿನಲ್ಲಿ ಬಿಡುವುದು ವಿವೇಕವಲ್ಲ.

ಆದುದರಿಂದ ಎಳೆಗಾಳ ಇರಲಿ, ಆದರೆ ಉಡುಪಿಯವರು ಹೇಳಿದ ಕಾರಣಕ್ಕಲ್ಲ. ಅದರಲ್ಲಿ ಗಾಳವಿದೆ ಎಂಬುದೇ ಅದರ ಗುಣ. ಗಾಳ ಎಂದ ಕೂಡಲೇ ಬಲೆಯಿಲ್ಲವೆಂಬುದು ಖಚಿತವಾಗುತ್ತದೆ. ನಿಮ್ಮ ಮಾವನವರ ಪ್ರಶ್ನೆ ಏಳುವುದೇ ಇಲ್ಲ. ಟ್ರಾಲ್ ಬಲೆಯನ್ನು ಎಳೆಬಲೆ ಎಂದರೆ ಇದು ಎಳೆಗಾಳ. ಜೋಡಿ ಸರಿಯಾಗಿಯೇ ಹೊಂದುತ್ತದೆ. ಬಲಿಯದ ಗಾಳ ಎಂದು ಅರ್ಥ ಮಾಡಿಕೊಳ್ಳುವ ಓದುಗನನ್ನು ನಾನು ಈವರೆಗೆ ಕಂಡಿಲ್ಲ.

ಡೌನ್‌ರಿಗ್ಗರಿನ ಕೆಲಸ ನೋಡಿದರೆ ಹೆಸರು ಸಿಕ್ಕುತ್ತದೆ. ಬೇಸಗೆಯಲ್ಲಿ ಸರೋವರದ ಮೇಲ್ನೀರು ಬೆಚ್ಚಗಾಗುತ್ತದೆ. ಸುಮಾರು 10ರಿಂದ 13 ಡಿಗ್ರಿಯ ತಂಪನ್ನು ಬಯಸುವ ಚಿನೂಕ್ ಕೆಳಗಿಳಿಯುತ್ತದೆ. ಹಗುರವಾದ ಹುಸಿಮೀನು ಓಡುವ ದೋಣಿಯ ಹಿಂದೆ ಅಷ್ಟು ಆಳಕ್ಕೆ ತಾನಾಗಿ ಇಳಿಯದು. ಆದುದರಿಂದ ಸುಮಾರು ಐದು ಕಿಲೋ ತೂಕದ ಸೀಸದ ಗುಂಡನ್ನು ತೆಳ್ಳನೆಯ ಉಕ್ಕಿನ ತಂತಿಯಲ್ಲಿ ಇಳಿಸಿ, ಗಾಳದ ದಾರವನ್ನು ಅದಕ್ಕೆ ಒಂದು ಚಿಮುಟದಿಂದ ಸಿಕ್ಕಿಸಿರುತ್ತಾರೆ. ಮೀನು ಕಚ್ಚಿ ಎಳೆದಾಗ ದಾರ ಚಿಮುಟದಿಂದ ಕಳಚಿಕೊಳ್ಳುತ್ತದೆ, ಬಿಲ್ಲಿನಂತೆ ಬಾಗಿದ್ದ ಕೋಲು ಚಿಮ್ಮಿ ನೆಟ್ಟಗಾಗುತ್ತದೆ. ಹತ್ತಿರ ನಿಲ್ಲಬೇಡಿ ಎಂದದ್ದು ಇದಕ್ಕೇ. ಆಳಗುಂಡು ಎಂದರೆ ಸಾಕು. ಸ್ಪೂನ್‌ಗೆ ನೀವೇ ಬಳಸಿದ ತಗಡಿನ ಹುಸಿಮೀನು ಚೆನ್ನಾಗಿದೆ, ತಗಡುಮೀನು ಎಂದು ಚಿಕ್ಕದಾಗಿಸಿ. ಎಲ್ಲ ಬಗೆಯ ಕೃತಕ ಆಮಿಷಗಳಿಗೂ ಒಟ್ಟು ಹೆಸರು ಬೇಕಾದರೆ ಎರೆಯಿಂದ ಹುಸಿಯೆರೆ ಮಾಡಿಕೊಳ್ಳಬಹುದು.

ಉತ್ತರ: ಉಡುಪಿಯಿಂದ

ಮಾಷ್ಟ್ರೇ, ನೀವು ಮೀನನ್ನು ಬಲ್ಲಿರಿ, ಅಕ್ಷರವನ್ನಲ್ಲ. ಹುಸಿಯೆರೆಯಲ್ಲಿ ಸಂಧಿಯನ್ನು ಸರಿಯಾಗಿ ಮಾಡಿದ್ದೀರಿ ಎಂಬಷ್ಟಕ್ಕೆ ಸಂತೋಷ. ಕುರ್ಚಿ ಖಾಲಿಯಿದ್ದರೆ ಯಾರು ಬೇಕಾದರೂ ಬಂದು ಕೂರಬಹುದೆಂಬ ನಿಮ್ಮ ನ್ಯಾಯದಿಂದಲೇ ಕನ್ನಡದ ಮನೆಯಲ್ಲಿ ಇಂದು ಕನ್ನಡಕ್ಕೆ ನಿಲ್ಲಲು ಸ್ಥಳವಿಲ್ಲ. ಸಾಲ್ಮನ್, ಟ್ರೌಟ್, ಚಿನೂಕ್, ಕೋಹೋ, ಸ್ಟೀಲ್‌ಹೆಡ್: ಒಂದು ಪುಟದಲ್ಲಿ ಐದು ಅತಿಥಿಗಳು.

ಉತ್ತರ: ಮಲ್ಪೆಯಿಂದ

ಐವರೂ ಮೀನುಗಳು. ಕೋಹೋವನ್ನು ಹಿಡಿದು ತಂದು ತೋರಿಸಿ, ಕನ್ನಡದ ಹೆಸರನ್ನು ಮರುದಿನವೇ ಇಡೋಣ. ಕ್ರಿಯೆಗೂ ಸಲಕರಣೆಗೂ ನಾನು ಕನ್ನಡವನ್ನೇ ಸೂಚಿಸಿದ್ದೇನೆ.

ಉತ್ತರ: ಮಣಿಪಾಲದಿಂದ

ಬಡಿಶದ ಕುರಿತು ಯಾರೂ ಉತ್ತರಿಸಿಲ್ಲ.

ಉತ್ತರ: ಮಂಗಳೂರಿನಿಂದ

ಎಲ್ಲರಿಗೂ ಕೃತಜ್ಞತೆಗಳು. ಹಾಳೆ ನಾಳೆ ಬೆಳಿಗ್ಗೆ ಹೊರಡಬೇಕಾದುದರಿಂದ ನಾನು ತೀರ್ಮಾನಿಸಿರುವುದನ್ನು ತಿಳಿಸುತ್ತೇನೆ. ಮೀನುಗಳ ಹೆಸರುಗಳು ಇದ್ದಂತೆಯೇ ಇರುತ್ತವೆ. ಸ್ಟಾಂಪಿಗೆ ಯಾರೂ ಗಮನ ಕೊಡದ ಕಾರಣ, ಸಾಲ್ಮನ್ ಮತ್ತು ಟ್ರೌಟ್‌ಗಾಗಿ ಪಡೆಯಬೇಕಾದ ಹೆಚ್ಚುವರಿ ಪರವಾನಗಿ ಎಂದು ಬಿಡಿಸಿ ಬರೆದಿದ್ದೇನೆ. ಮಿಷಿಗನ್ ಸರೋವರದ ಪುನರುಕ್ತಿಯನ್ನು ನಟ್ಟನಡುಮಧ್ಯದಂಥ ಮಾತುಗಳ ಸಾಲಿನಲ್ಲಿ ಸೇರಿಸಿ ಕ್ಷಮಿಸಬೇಕು. ಸುಮಾರು 58,000 ಚದರ ಕಿಲೋಮೀಟರಿನ, ಅಂದರೆ ಕರ್ನಾಟಕದ ಹತ್ತರಲ್ಲಿ ಮೂರು ಪಾಲಿನಷ್ಟಿರುವ ಆ ನೀರನ್ನು ಸರೋವರ ಎಂದು ಹೇಳದೆ ಹೋದರೆ ನಮ್ಮ ಹಿರಿಯರು ಕಡಲೆಂದೇ ತಿಳಿದು ಉಪ್ಪಿನ ರುಚಿ ನೋಡಿಯಾರು.

ಎಚ್ಚರಿಕೆಯ ವಾಕ್ಯ ಹೀಗೆ ಮುದ್ರಣವಾಗುತ್ತದೆ: "ದೋಣಿ ಎಳೆಗಾಳ ಬಿಟ್ಟುಕೊಂಡು ಸಾಗುತ್ತಿರುವಾಗ ಆಳಗುಂಡಿನ ತಂತಿಯನ್ನು ಮುಟ್ಟಬಾರದು, ಬಾಗಿದ ಕೋಲುಗಳ ಮೇಲೆ ಬಗ್ಗಿ ನೋಡಬಾರದು."

ಮಾವನವರಿಗೆ ಇದನ್ನು ಓದಲು ಕೊಟ್ಟೆ. ಈ ಸಲ ಬಲೆಯನ್ನು ಕೇಳಲಿಲ್ಲ. ಇಡೀ ದಿನ ದೋಣಿ ಓಡಿಸಿ ಹೀಗೆ ಒಂದೊಂದೇ ಮೀನು ಹಿಡಿದರೆ ಡೀಸೆಲಿನ ಖರ್ಚು ಹೇಗೆ ಹುಟ್ಟುತ್ತದೆ ಎಂದು ಕೇಳಿದರು. ಮಾರುವುದಕ್ಕಲ್ಲ, ಹವ್ಯಾಸಕ್ಕೆ ಹಿಡಿಯುವುದು ಎಂದು ವಿವರಿಸಿದೆ. ಅವರು ಕನ್ನಡಕ ತೆಗೆದು ಹಾಳೆಯನ್ನು ಮಡಚಿಟ್ಟರು.

ಉತ್ತರ: ಉಡುಪಿಯಿಂದ

ರಳವಿಲ್ಲದ ಎಳೆಗಾಳಕ್ಕೆ ನನ್ನ ಒಪ್ಪಿಗೆಯಿಲ್ಲ. ಇದು ದಾಖಲಾಗಿರಲಿ.